ಪ್ರತಿಷ್ಠೆಯ ಚಕ್ರಗಳು ಮತ್ತು ಪರಿಗ್ರಹದ ಪರಿಮಾಣ

ಜೈನ ವ್ಯಾಪಾರಸ್ಥರ ಸಂಘಟನೆಯಾದ ಜೀತೋ 2025ರಲ್ಲಿ ತನ್ನ ಸದಸ್ಯರಿಗಾಗಿ ಐಷಾರಾಮಿ ಕಾರು ಕಂಪನಿಗಳೊಡನೆ ಸಾಮೂಹಿಕವಾಗಿ ಚೌಕಾಸಿ ನಡೆಸಿತು. ದೇಶದಾದ್ಯಂತ 186 ಕಾರುಗಳ ಖರೀದಿಯಾಯಿತು. ಕೊಂಡವರಿಗೆ ಒಟ್ಟು ಸುಮಾರು 21 ಕೋಟಿ ರೂಪಾಯಿ ಉಳಿಯಿತು. ಇದರಲ್ಲಿ ಕಾನೂನುಬಾಹಿರವಾದುದೇನೂ ಇಲ್ಲ. ಆದರೆ ಎಷ್ಟು ಉಳಿಯಿತೆಂದು ಲೆಕ್ಕವಿಟ್ಟ ಸಮಾಜವು ಎಷ್ಟು ಬೇಕಾಗಿತ್ತೆಂದು ಕೇಳಿಕೊಳ್ಳಲಿಲ್ಲ.

ಈ ಪ್ರಶ್ನೆಯನ್ನು ಕೇಳದ ನಗರದ ಗತಿಯೇನೆಂಬುದಕ್ಕೆ ದೆಹಲಿಯೇ ಸಾಕ್ಷಿ. 2008ರಲ್ಲಿ ಅಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗಿನ 5.8 ಕಿ.ಮೀ. ರಸ್ತೆಯಲ್ಲಿ ಬಸ್ಸುಗಳಿಗೆಂದೇ ಪ್ರತ್ಯೇಕ ಪಥ ಮೀಸಲಾಯಿತು. ಕಾರಿನವರು ಕೆರಳಿದರು, ವ್ಯಾಜ್ಯ ಹೈಕೋರ್ಟಿಗೇರಿತು. 2012ರಲ್ಲಿ ನ್ಯಾಯಾಲಯ ಬಸ್ ಪಥದ ಪರವಾಗಿ ನಿಂತಿತು. ಆದರೂ 2016ರಲ್ಲಿ ಸರ್ಕಾರ ಅದನ್ನು ಕಿತ್ತುಹಾಕಿತು. ಯೋಜನೆಯಲ್ಲಿ ದೋಷಗಳಿದ್ದವು, ನಿಜ. ಆದರೆ ತಿದ್ದಬಹುದಾಗಿದ್ದನ್ನು ಕೆಡವಿದ್ದು, ಬಸ್ಸಿನ ಐವತ್ತು ಜನರಿಗಿಂತ ಕಾರಿನ ಒಬ್ಬನ ಕೂಗು ದೊಡ್ಡದಾದುದರಿಂದ.

2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ದೆಹಲಿ ಮತ್ತು ಎನ್‌ಸಿಆರ್‌ನಲ್ಲಿ 2000 ಸಿಸಿ ಹಾಗೂ ಅದಕ್ಕೂ ಹೆಚ್ಚಿನ ಸಾಮರ್ಥ್ಯದ ಡೀಸೆಲ್ ಕಾರುಗಳ ನೋಂದಣಿಯನ್ನು ತಡೆಯಿತು. 2016ರ ಆಗಸ್ಟ್‌ನಲ್ಲಿ, ಕಾರಿನ ಬೆಲೆಯ ಶೇ. 1ರಷ್ಟು ಹಸಿರು ಶುಲ್ಕ ಕಟ್ಟಿದರೆ ಸಾಕೆಂದು ಆ ತಡೆ ತೆರವಾಯಿತು. ಉಸಿರಾಟಕ್ಕೆ ರಾಜಧಾನಿ ಕಟ್ಟಿದ ಬೆಲೆ ನೂರಕ್ಕೆ ಒಂದು!

ದೆಹಲಿಯ ಹೊಗೆಗೆ ಕಾರೊಂದೇ ಕಾರಣವೇ ಎಂಬ ಆಕ್ಷೇಪ ಏಳುತ್ತದೆ. ಅಲ್ಲ, ಹೊಲದ ಕೂಳೆಯ ಬೆಂಕಿಯಿದೆ, ಕಾರ್ಖಾನೆಗಳಿವೆ, ಧೂಳಿದೆ. ಆದರೆ ವ್ರತವು ಅನ್ಯರ ಹೊಲಕ್ಕಲ್ಲ, ನಮ್ಮ ಅಂಗಳಕ್ಕೆ. ಗಾಳಿಯಲ್ಲಿಯೂ ವಾಯುಕಾಯಿಕ ಜೀವಗಳಿವೆಯೆಂದು ಸಾರಿದವರು ನಾವು. ಆ ಜೀವಗಳಿಗೆ ನೋವಾಗದಿರಲೆಂದು ಸ್ಥಾನಕವಾಸಿ ಸಾಧುಗಳು ಬಾಯಿಗೆ ಬಟ್ಟೆ ಕಟ್ಟುತ್ತಾರೆ. ದಿಗಂಬರ ಮುನಿಗಳು ನಾಲ್ಕು ಮೊಳದಷ್ಟು ನೆಲವನ್ನು ನೋಡಿ ಹೆಜ್ಜೆಯಿಡುತ್ತಾರೆ. ಅವರ ದರ್ಶನಕ್ಕೆ ಬರುವ ಶ್ರಾವಕನೊಬ್ಬನಿಗೆ ಎರಡು ಟನ್ ಲೋಹ ಬೇಕೆ?

ಕಾರು ಪಾಪವೆಂದು ಯಾರೂ ಹೇಳುತ್ತಿಲ್ಲ. ವೃದ್ಧರಿಗೆ, ರೋಗಿಗಳಿಗೆ, ದೂರದೂರಿನ ದುಡಿಮೆಗೆ ಅದು ಸಾಧನ. ಆದರೆ ಪರಿಗ್ರಹವಿರುವುದು ವಸ್ತುವಿನಲ್ಲಲ್ಲ, ಅದರ ಮೇಲಿನ ಮೂರ್ಛೆಯಲ್ಲಿ ಎಂದು ನಮ್ಮ ಆಚಾರ್ಯರು ತಿಳಿಸಿದ್ದಾರೆ. ಹತ್ತು ಲಕ್ಷದ ಕಾರು ಮುಟ್ಟಿಸುವ ಊರಿಗೇ ಕೋಟಿಯ ಕಾರೂ ಮುಟ್ಟಿಸುತ್ತದೆ. ಉಳಿದ ತೊಂಬತ್ತು ಲಕ್ಷದ ಬಹುಪಾಲು ಪ್ರಯಾಣಕ್ಕಲ್ಲ, ನೆರೆಯವನ ಕಣ್ಣಿಗೆ ತೆತ್ತದ್ದು. ಅದೇ ಮೂರ್ಛೆ. ‘ನಮ್ಮ ಹಣ, ನಮ್ಮ ಕಾರು’ ಎನ್ನುವವರು ಒಂದನ್ನು ನೆನೆಯಲಿ: ರಸ್ತೆಯೂ ಗಾಳಿಯೂ ಆ ಹಣಕ್ಕೆ ಸೇರಿ ಬಂದವಲ್ಲ.

ಆದ್ದರಿಂದ ಸಮಾಜದ ಮುಂದೆ ಮೂರು ಬೇಡಿಕೆಗಳನ್ನಿಡುತ್ತೇವೆ. ಪರಿಗ್ರಹಪರಿಮಾಣ ವ್ರತ ಕೈಗೊಳ್ಳುವ ಶ್ರಾವಕರು ಚಿನ್ನ, ಭೂಮಿಗಳೊಂದಿಗೆ ವಾಹನಕ್ಕೂ ಮಿತಿ ಹೇಳಲಿ. ಚಾತುರ್ಮಾಸ ಸಮಿತಿಗಳು ವಾಹನ ನಿಲುಗಡೆಗೆ ಮೈದಾನ ಹುಡುಕುವ ಮುನ್ನ ಬಸ್ಸು, ಮೆಟ್ರೊ ಮುಟ್ಟುವ ಸ್ಥಳ ಹುಡುಕಲಿ. ದೆಹಲಿಯ ಲಾಲ್ ಮಂದಿರದ ಸಮೀಪಕ್ಕೇ ಮೆಟ್ರೊ ಬಂದಿದೆ. ಕಾರು ಕಂಪನಿಗಳನ್ನು ಮಣಿಸಿದ ಅದೇ ಸಂಘಟಿತ ಬಲದಿಂದ ಸರ್ಕಾರಗಳ ಮುಂದೆ ಬಸ್ಸುಗಳಿಗಾಗಿ ಹಟಹಿಡಿಯಲಿ. ಬೆಂಗಳೂರು ದೆಹಲಿಯಾಗುವ ಮುನ್ನ ಈ ಚೌಕಾಸಿ ಆರಂಭವಾಗಲಿ.