ಯಂತ್ರ ದುಬಾರಿಯಲ್ಲ, ನಾವು ಅಗ್ಗ

"ಲಾಭದ ಆಸೆ ಇಲ್ಲದಿದ್ದರೆ ಹೊಸ ಯಂತ್ರ ಯಾರು ಕಂಡುಹಿಡೀತಾರೆ?" ಅಂತ ಪೇಟೆಯ ಪಂಡಿತರು ಕೇಳ್ತಾರೆ. ಉತ್ತರ ಅವರ ಮನೆ ಮುಂದಿನ ಮ್ಯಾನ್‌ಹೋಲಿನಲ್ಲೇ ಇದೆ. ಮುಚ್ಚಳ ತೆಗೆದು ನೋಡಲಿ.

ಕಂಡುಹಿಡಿಯುವ ಕೆಲಸ ಎಂದೋ ಮುಗಿದಿದೆ. ಮಲ ಹೀರುವ ಯಂತ್ರ ಇದೆ. ನೀರಿನ ರಭಸದಿಂದ ಕಟ್ಟಿಕೊಂಡ ಕೊಳವೆ ಬಿಡಿಸುವ ಜೆಟ್ಟಿಂಗ್ ಯಂತ್ರ ಇದೆ. 2018ರಲ್ಲಿ ಕೇರಳದ ಹುಡುಗರು ಮಾಡಿದ ಬ್ಯಾಂಡಿಕೂಟ್ ಎಂಬ ರೋಬೋ ತಿರುವನಂತಪುರದ ಮ್ಯಾನ್‌ಹೋಲಿಗೆ ಇಳಿಯಿತು. ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ನಮ್ಮವರ ಉಸಿರು ನಿಲ್ಲಿಸುತ್ತದೆ. ಅದರ ಜೊತೆಗೇ ಮೀಥೇನ್ ಇದೆ. ಅದನ್ನು ಹಿಡಿದರೆ ದೀಪ ಉರಿಯುತ್ತದೆ, ಎಂಜಿನ್ ಓಡುತ್ತದೆ. ಮುಂಬಯಿಯ ಮಾತುಂಗದ ಕುಷ್ಠರೋಗಿಗಳ ಆಶ್ರಮದಲ್ಲಿ ಮಲದಿಂದ ಗ್ಯಾಸ್ ತೆಗೆದದ್ದು 1897ರಲ್ಲಿ! ಆದರೂ ಗುಂಡಿಗೆ ಮನುಷ್ಯನೇ ಇಳಿಯುತ್ತಿದ್ದಾನೆ.

ಹಾಗಾದರೆ ಅಡ್ಡ ನಿಂತಿರುವುದು ಯಾವುದು? ಲೆಕ್ಕ. ಟೆಂಡರು ಕಡಿಮೆ ದರ ಬರೆದವನಿಗೆ. ಯಂತ್ರ ತಂದರೆ ಡೀಸೆಲ್ಲು, ರಿಪೇರಿ, ಡ್ರೈವರನ ಸಂಬಳ. ಕೇರಿಯ ಹುಡುಗನನ್ನು ಕರೆದರೆ ಒಂದು ಹಗ್ಗ, ಒಂದು ಬಕೆಟ್ಟು, ಒಂದು ಕ್ವಾರ್ಟರ್. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಸತ್ತರೆ "ಅವನು ನಮ್ಮ ಆಳಲ್ಲ." ಯಂತ್ರ ಕೆಟ್ಟರೆ ಕಂಟ್ರಾಕ್ಟರನಿಗೆ ನಷ್ಟ; ಮನುಷ್ಯ ಸತ್ತರೆ ಅವನ ಹೆಂಡತಿ ಮಕ್ಕಳಿಗೆ ಮಾತ್ರ ನಷ್ಟ.

ಇದು ಬರೀ ದುಡ್ಡಿನ ಮಾತಲ್ಲ. ಜಾತಿ ನಮ್ಮ ಮೈಯನ್ನು ಅಗ್ಗ ಮಾಡಿಟ್ಟಿದೆ, ಲಾಭ ಅದನ್ನು ಕೊಳ್ಳುತ್ತಿದೆ. ಜಾತಿ ಎಂದರೆ ಕೆಲಸದ ವಿಭಜನೆಯಲ್ಲ, ಕೆಲಸಗಾರರ ವಿಭಜನೆ ಎಂದು ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು. ಮೇಲ್ಜಾತಿಯ ಮಕ್ಕಳು ಗುಂಡಿಗೆ ಇಳಿಯಬೇಕಾಗಿದ್ದರೆ ಪ್ರತಿ ಪುರಸಭೆಗೂ ಯಂತ್ರ ಎಂದೋ ಬಂದಿರ್ತಿತ್ತು.

ಕಾನೂನು ಇಲ್ಲವೆ? ಇದೆ. 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ನಮ್ಮವರ ತಲೆ ಮೇಲಿನ ಮಲದ ಬುಟ್ಟಿಯನ್ನು ನಿಷೇಧಿಸಿದರು. 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು. ಯಂತ್ರ ಬಳಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ ಅನ್ನುತ್ತದೆ 2013ರ ಕಾಯ್ದೆ. ರಕ್ಷಣೆಯಿಲ್ಲದೆ ಇಳಿಸಿದವನಿಗೆ ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, ಇಲ್ಲವೆ 2 ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ಸತ್ತವರ ಮನೆಗೆ 10 ಲಕ್ಷ ಕೊಡಿ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2023ರಲ್ಲಿ 30 ಲಕ್ಷ ಎಂದಿತು. ಪರಿಹಾರ ಏರಿತು. ಸಾವು ನಿಲ್ಲಲಿಲ್ಲ.

"ಯಂತ್ರ ಬಂದರೆ ನಿಮ್ಮವರ ಕೂಲಿ ಹೋಗುತ್ತಲ್ಲ" ಅಂತ ಕನಿಕರ ಪಡುವವರಿದ್ದಾರೆ. ಸ್ವಾಮಿ, ಆ ಕನಿಕರ ನಮಗೆ ಬೇಡ. ಯಂತ್ರ ಪುರಸಭೆಯದಾಗಲಿ, ಕಂಟ್ರಾಕ್ಟರನದಲ್ಲ. ಅದರ ಸ್ಟೇರಿಂಗು ಇಷ್ಟು ದಿನ ಗುಂಡಿಗೆ ಇಳಿದವರ ಕೈಗೆ ಬರಲಿ, ಖಾಯಂ ಸಂಬಳದ ಜೊತೆಗೆ.

ಗೆಳೆಯರೇ, ಹಳ್ಳಿಯ ಮೇಷ್ಟ್ರುಗಳೇ, ನಿಮ್ಮೂರಿನ ಪುರಸಭೆಗೆ ಹೋಗಿ. ಟೆಂಡರಿನ ಕಡತ ಕೇಳಿ. ಯಂತ್ರ ಎಷ್ಟಿವೆ, ಎಷ್ಟು ಓಡ್ತಿವೆ, ಎಷ್ಟು ತುಕ್ಕು ಹಿಡಿದು ಕೂತಿವೆ, ಬರೆದು ಪುರಸಭೆಯ ಗೋಡೆಗೇ ಅಂಟಿಸಿ. ಲಾಭ ತಾನಾಗಿ ಯಂತ್ರ ತರುವುದಿಲ್ಲ. ನಾವು ಇಳಿಯೋದಿಲ್ಲ ಅಂತ ಒಟ್ಟಾಗಿ ನಿಂತ ದಿನ, ಅವರೇ ತಂದು ನಿಲ್ಲಿಸ್ತಾರೆ.