ಮಂಜು ಸರಿದ ಮೇಲೆ ಉಳಿಯುವುದೇನು?



ನಿವೃತ್ತ ಮೇಷ್ಟ್ರಿಗೂ ವಿಡಿಯೋ ಗೇಮಿಗೂ ಎತ್ತಣ ಸಂಬಂಧವೆಂದು ನೀವು ಹುಬ್ಬೇರಿಸಬಹುದು. ಸಂಬಂಧವುಂಟು. 2000ದ ಸುಮಾರಿಗೆ ನಮ್ಮ ಮನೆಗೆ ಕಂಪ್ಯೂಟರ್ ಬಂದಿತು. ಪಿಯುಸಿ ಓದುತ್ತಿದ್ದ ಮಗ ಎಲ್ಲಿಂದಲೋ ತಂದ ಸಿ.ಡಿ.ಗಳಲ್ಲಿ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯ 'ರೆಸಿಡೆಂಟ್ ಈವಿಲ್' ಸಹ ಇತ್ತು. ರಾತ್ರಿ ಅವನು ಆಡುತ್ತಿದ್ದ. ನಾನು ಹಿಂದಿನ ಕುರ್ಚಿಯಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಪಾಳು ಬಂಗಲೆಯ ಒಂದು ಓಣಿ. ಹೆಜ್ಜೆಯ ಸದ್ದಿನ ಹೊರತು ಬೇರೇನೂ ಇಲ್ಲ. ಥಟ್ಟನೆ ಕಿಟಕಿಯ ಗಾಜು ಒಡೆದು ನಾಯಿಯೊಂದು ಒಳಕ್ಕೆ ಹಾರಿತು. ನನ್ನ ಕೆಂಪು ಪೆನ್ನು ಯಾವನೋ ಬಡಪಾಯಿಯ ಉತ್ತರದ ಮೇಲೆ ಅಡ್ಡಡ್ಡ ಗೀಚಿಬಿಟ್ಟಿತ್ತು!

ಕಳೆದ ದೀಪಾವಳಿಗೆ ಊರಿಗೆ ಬಂದ ಅದೇ ಮಗ, ಆ ಸರಣಿಯ ಮೂರನೆಯ ಆಟದ ರೀಮೇಕನ್ನು ಟಿ.ವಿ.ಗೆ ಜೋಡಿಸಿ ಆಡಿ ತೋರಿಸಿದ. ಚಿತ್ರಗಳು ಅದ್ಭುತ. ಆದರೆ ನಾನು ಒಮ್ಮೆಯೂ ಬೆಚ್ಚಲಿಲ್ಲ. ಹಾಗೆಂದಾಗ ಅವನು ನಕ್ಕು, "ಅಪ್ಪಾ, ನಿಮಗೆ ಹಳೆಯದೆಲ್ಲ ಚಿನ್ನ. ಆ ಹಳೇ ಆಟ ಈಗ ಯಾರಿಗೂ ಆಡೋಕೇ ಆಗಲ್ಲ" ಎಂದ. ಈ ಮಾತಿಗೆ ಉತ್ತರವಾಗಿಯೇ ಇಂದಿನ ಬರಹ.

ರೀಮೇಕ್ ಎಂಬ ಪದ ಕನ್ನಡ ಚಿತ್ರರಸಿಕರಿಗೆ ಹೊಸದಲ್ಲ; ಅದರ ಕುರಿತ ಜಗಳವೂ ಹೊಸದಲ್ಲ. ಚಿತ್ರ ಸ್ಪಷ್ಟವಾದಷ್ಟೂ ಭಯ ಹೆಚ್ಚುತ್ತದೆ ಎಂದು ಕೆಲವರು ನಂಬಿದ್ದಾರೆ. ರೀಮೇಕ್ ಎಂದರೆ ಮೂಲದ ಕೊಲೆಯೇ ಎಂದು ಇನ್ನು ಕೆಲವರು ಸಾಧಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಇಬ್ಬರೂ ತಪ್ಪು. ಮೊದಲಿನವರದು ಹೆಚ್ಚು ಅಪಾಯಕಾರಿಯಾದ ತಪ್ಪು.

ಭಯ ಹುಟ್ಟುವುದು ಕಂಡದ್ದರಿಂದಲ್ಲ, ಕಾಣದೆ ಉಳಿದದ್ದರಿಂದ. 1996ರ ಆ ಮೊದಲ ಆಟದಲ್ಲಿ ಕ್ಯಾಮೆರಾ ಕೋಣೆಯ ಒಂದು ಮೂಲೆಯಲ್ಲಿ ಸ್ಥಿರವಾಗಿ ನಿಂತಿರುತ್ತಿತ್ತು. ತಿರುವಿನ ಆಚೆ ಏನೋ ಕಾಲೆಳೆಯುವ ಸದ್ದು ಕೇಳಿಸುತ್ತದೆ, ಕಾಣಿಸುವುದಿಲ್ಲ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಕಗ್ಗತ್ತಲಲ್ಲಿ ಬಾಗಿಲೊಂದು ನಿಧಾನವಾಗಿ ತೆರೆದುಕೊಳ್ಳುತ್ತದೆ. ಯಂತ್ರವು ಮುಂದಿನ ಕೋಣೆಯನ್ನು ಸಿದ್ಧಪಡಿಸಿಕೊಳ್ಳುವ ಹೊತ್ತನ್ನು ಮರೆಮಾಚಲು ಹೂಡಿದ ಉಪಾಯವದು. ಆಡುವವನಿಗೋ ಎದೆ ಬಡಿತ ಎಣಿಸುವ ಹೊತ್ತು. ಆಟವನ್ನು ಉಳಿಸಿಕೊಳ್ಳಬೇಕಾದರೆ ಬೆರಳಚ್ಚು ಯಂತ್ರ ಹುಡುಕಬೇಕು, ಅದಕ್ಕೆ ಶಾಯಿಯ ರಿಬ್ಬನ್ ಬೇಕು, ಆ ರಿಬ್ಬನ್ನುಗಳೂ ಎಣಿಕೆಯವು. ಸತ್ತರೆ ಒಂದು ಗಂಟೆಯ ಶ್ರಮ ನೀರಿನಲ್ಲಿ ಹೋಮ.

ಕೊನಾಮಿ ಸಂಸ್ಥೆಯ 'ಸೈಲೆಂಟ್ ಹಿಲ್' (1999) ಇನ್ನೂ ಒಳ್ಳೆಯ ಉದಾಹರಣೆ. ಅಂದಿನ ಪ್ಲೇಸ್ಟೇಷನ್ ಯಂತ್ರಕ್ಕೆ ದೂರದ ಬೀದಿಗಳನ್ನು ಚಿತ್ರಿಸುವ ಶಕ್ತಿಯಿರಲಿಲ್ಲ. ನಿರ್ಮಾಪಕರು ಊರಿಗೆ ಊರನ್ನೇ ಮಂಜಿನಲ್ಲಿ ಮುಳುಗಿಸಿದರು. ಜೇಬಿನ ರೇಡಿಯೋ ಕರಕರ ಎಂದರೆ ಏನೋ ಹತ್ತಿರವಿದೆ ಎಂದರ್ಥ. ಎಲ್ಲಿ ಎಂಬುದನ್ನು ಮಂಜು ಹೇಳುವುದಿಲ್ಲ. ಯಂತ್ರದ ಬಡತನವೇ ಕಲೆಯ ಸಿರಿಯಾಯಿತು. 2012ರಲ್ಲಿ ಇದೇ ಸರಣಿಯ ಎರಡನೆಯ ಮತ್ತು ಮೂರನೆಯ ಆಟಗಳನ್ನು ಎಚ್.ಡಿ. ರೂಪದಲ್ಲಿ ಹೊರತಂದಾಗ ಆ ಮಂಜು ತೆಳುವಾಯಿತು. ಕಂಡದ್ದೇನು? ಅದು ಮುಚ್ಚಿಟ್ಟಿದ್ದ ಅರೆಬರೆ ಅಂಚುಗಳು! ಮಂಜನ್ನು ಕೊರತೆಯೆಂದು ತಿಳಿದವರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೆ?

ನಾನು ಬೆಚ್ಚದೆ ನೋಡಿದ ಮೂರನೆಯ ಆಟದ ಕತೆಯೂ ಇದೇ. 1999ರ ಮೂಲದಲ್ಲಿ ನೆಮೆಸಿಸ್ ಎಂಬ ದೈತ್ಯ, ಬಾಗಿಲು ದಾಟಿದರೂ ಬೆನ್ನು ಬಿಡುತ್ತಿರಲಿಲ್ಲ. 2020ರ ರೂಪದಲ್ಲಿ ಅವನು ಬಹುಪಾಲು ಮೊದಲೇ ಗೊತ್ತುಮಾಡಿದ ದೃಶ್ಯಗಳಲ್ಲಿ, ನಾಟಕದ ಪಾತ್ರಧಾರಿಯಂತೆ ಬಂದು ಹೋಗುತ್ತಾನೆ. ಮೂಲದಲ್ಲಿದ್ದ ಗಡಿಯಾರ ಗೋಪುರದ ಒಳಗಿನ ಭಾಗವನ್ನಂತೂ ಕೈಬಿಟ್ಟಿದ್ದಾರೆ. ಅಬ್ಬರ ಹೆಚ್ಚಿತು, ಅನಿಶ್ಚಯ ಸತ್ತಿತು.

ಹಾಗಾದರೆ ರೀಮೇಕ್ ಮಾಡಲೇಬಾರದೆ? ಖಂಡಿತ ಮಾಡಬಹುದು. ಮೊದಲ ಆಟವನ್ನು ಮೂಲ ನಿರ್ದೇಶಕರಾದ ಶಿಂಜಿ ಮಿಕಾಮಿಯವರೇ 2002ರಲ್ಲಿ ಮತ್ತೆ ರೂಪಿಸಿದರು. ನನ್ನ ಪೆನ್ನು ಜಾರಿಸಿದ ಆ ಓಣಿಯಲ್ಲಿ ಅವರು ಮಾಡಿದ್ದನ್ನು ನೋಡಿ: ಮೊದಲ ಸಲ ಹಾದುಹೋಗುವಾಗ ಗಾಜು ಬಿರುಕು ಬಿಡುತ್ತದೆ, ಅಷ್ಟೇ. ಹಳೆಯ ಆಟ ಬಲ್ಲವನು ನಾಯಿಗಾಗಿ ಕಾಯುತ್ತಾನೆ, ಅದು ಬರುವುದಿಲ್ಲ. ಮುಂದೆಂದೋ ಮೈಮರೆತು ಅದೇ ದಾರಿಯಲ್ಲಿ ಮರಳುವಾಗ ಬರುತ್ತದೆ! ಕೊಂದು ಬಿಟ್ಟುಹೋದ ಹೆಣವನ್ನು ಸುಡದಿದ್ದರೆ ಅದು ಇನ್ನಷ್ಟು ವೇಗವಾಗಿ ಎದ್ದು ಬರುತ್ತದೆ, ಸೀಮೆಎಣ್ಣೆಯೋ ಮಿತವಾಗಿದೆ. ಆಟಗಾರನ ನೆನಪನ್ನೇ ಅವನ ವಿರುದ್ಧ ಹೂಡಿದ ಜಾಣ್ಮೆಯಿದು. 2019ರಲ್ಲಿ ಬಂದ ಎರಡನೆಯ ಆಟದ ರೀಮೇಕಿನಲ್ಲಿ ಕ್ಯಾಮೆರಾ ನಾಯಕನ ಹೆಗಲ ಹಿಂದೆ ಬಂದಿತಾದರೂ, ಪೊಲೀಸ್ ಠಾಣೆಯ ಗೋಡೆಗಳಾಚೆ ಕೇಳುವ ಆ ಭಾರವಾದ ಬೂಟಿನ ಸದ್ದು ಅನಿಶ್ಚಯವನ್ನು ಕಾಪಾಡಿತು. ಒಪ್ಪುತ್ತೇನೆ, ದೋಷ ರೀಮೇಕಿನದಲ್ಲ. ಮೂಲದ ಕೊರತೆಗಳಲ್ಲಿ ಯಾವುದು ಕೊರತೆ, ಯಾವುದು ಮರ್ಮ ಎಂದು ತಿಳಿಯದವರದು.

2024ರಲ್ಲಿ ಪೋಲೆಂಡಿನ ಬ್ಲೂಬರ್ ಟೀಮ್ ರೂಪಿಸಿದ 'ಸೈಲೆಂಟ್ ಹಿಲ್ 2' ಈ ಎರಡರ ನಡುವೆ ನಿಲ್ಲುತ್ತದೆ. ಮಂಜು ಉಳಿದಿದೆ, 2001ರ ಮೂಲಕ್ಕೆ ಸಂಗೀತ ನೀಡಿದ ಅಕಿರಾ ಯಮಾವೊಕ ಅವರೇ ಇಲ್ಲಿಯೂ ಇದ್ದಾರೆ. ವಾತಾವರಣಕ್ಕೆ ಪೂರ್ಣಾಂಕ. ಆದರೆ ಆಟವನ್ನು ಬಹಳ ಹಿಗ್ಗಿಸಿದ್ದಾರೆ, ಕಾದಾಟ ಹೆಚ್ಚಿಸಿದ್ದಾರೆ. ಅದೇ ಬಗೆಯ ಪಿಶಾಚಿಯನ್ನು ಇಪ್ಪತ್ತನೆಯ ಸಲ ಬಡಿದು ಕೆಡಹುವಾಗ ಇರುವುದು ಭಯವಲ್ಲ, ಕೂಲಿ ಕೆಲಸ.

ನನ್ನ ನಿಜವಾದ ತಕರಾರು ಬೇರೆಯೇ ಇದೆ. ರೀಮೇಕ್ ಮೂಲದ ಹೆಸರನ್ನೇ ಹೊತ್ತು ಬಂದು, ಅಂಗಡಿಯಲ್ಲಿ ಮೂಲದ ಜಾಗವನ್ನೂ ಹಿಡಿದುಬಿಡುತ್ತದೆ. 2010ಕ್ಕೆ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಈಗ ಮಾರಾಟಕ್ಕೇ ಇಲ್ಲವೆಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ವರದಿ ಮಾಡಿತು. ಮೂಲವೇ ಸಿಗದ ಮೇಲೆ ಹೋಲಿಸಿ ನೋಡುವವರು ಯಾರು? ಪಂಪಭಾರತಕ್ಕೆ ಗದ್ಯಾನುವಾದ ಬಂದಿತೆಂದು ಯಾರೂ ಮೂಲವನ್ನು ಗ್ರಂಥಾಲಯದಿಂದ ಹೊರಗೆ ಹಾಕಲಿಲ್ಲ. ಕಷ್ಟವೆಂದು ಬಿಡುವ ಹಕ್ಕು ಓದುಗನಿಗಿದೆ. ಓದಲು ಸಿಗದಂತೆ ಮಾಡುವ ಹಕ್ಕು ಪ್ರಕಾಶಕನಿಗಿಲ್ಲ. 2024ರಲ್ಲಿ ಕ್ಯಾಪ್‌ಕಾಮ್ ತನ್ನ ಮೊದಲ ಮೂರೂ ಆಟಗಳ ಹಳೆಯ ರೂಪಗಳನ್ನು ಜಿ.ಒ.ಜಿ. ತಾಣದ ಮೂಲಕ ಮತ್ತೆ ಮಾರಾಟಕ್ಕಿಟ್ಟದ್ದು ಮೆಚ್ಚತಕ್ಕ ಕೆಲಸ. ಅದು ಅಪವಾದವಾಗದೆ ನಿಯಮವಾಗಲಿ ಎಂಬುದಷ್ಟೇ ನನ್ನ ಬೇಡಿಕೆ.

ಈ ವಾದವನ್ನೆಲ್ಲ ಕೇಳಿದ ಮಗ ಅಂದು ರಾತ್ರಿ ಏನೂ ಹೇಳದೆ ತನ್ನ ಲ್ಯಾಪ್‌ಟಾಪಿನಲ್ಲಿ ಆ ಹಳೆಯ ಮೊದಲ ಆಟವನ್ನು ತೆರೆದ. ಒರಟು ಚಿತ್ರ, ಪೆದ್ದು ಸಂಭಾಷಣೆ, ಇಬ್ಬರೂ ನಕ್ಕೆವು. ಆ ಓಣಿ ಬಂದಿತು. ನಾಯಿ ಬರುವುದು ಇಬ್ಬರಿಗೂ ಗೊತ್ತು, ಎಲ್ಲಿಂದ ಎಂಬುದೂ ಗೊತ್ತು. ಆದರೂ ನಲವತ್ತು ದಾಟಿದ ಮಗನ ಬೆರಳು ಒಂದು ಕ್ಷಣ ತಡೆಯಿತು.

"ಆಡೋಕೇ ಆಗಲ್ಲ ಅಂದಿದ್ದೆಯಲ್ಲೋ?" ಎಂದೆ.

"ಸುಮ್ಮನಿರಿ ಅಪ್ಪಾ" ಎಂದ.