ಅಗಲಿದವರ ಹೆಸರಿನಲ್ಲೊಬ್ಬಳು ದಾದಿ

1859ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ವರ್ತಕ ವಿಲಿಯಂ ರಾತ್‌ಬೋನ್‌ರ ಪತ್ನಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ಮೇರಿ ರಾಬಿನ್ಸನ್ ಎಂಬ ದಾದಿ ಮನೆಯಲ್ಲಿದ್ದು ಆಕೆಯ ಶುಶ್ರೂಷೆ ಮಾಡಿದ್ದರು. ಸಿರಿವಂತರ ಮನೆಗೇ ಈ ಆರೈಕೆ ಇಷ್ಟು ನೆಮ್ಮದಿ ತಂದರೆ, ಅದಿಲ್ಲದ ಬಡ ರೋಗಿಯ ಗತಿಯೇನು ಎಂದು ರಾತ್‌ಬೋನ್ ಯೋಚಿಸಿದರು. ಅದೇ ದಾದಿಯನ್ನು ಸಂಬಳ ಕೊಟ್ಟು ಬಡವರ ಮನೆಗಳಿಗೆ ಕಳುಹಿಸಿದರು. ಅಲ್ಲಿನ ದುಃಸ್ಥಿತಿಗೆ ಕಂಗೆಟ್ಟ ಆಕೆ ಒಂದೇ ತಿಂಗಳಲ್ಲಿ ಬಿಡುಗಡೆ ಕೋರಿದರು. ಆದರೆ ಒತ್ತಾಯಕ್ಕೆ ಮಣಿದು ಉಳಿದ ಬಳಿಕ ಆ ಕೆಲಸವನ್ನು ಬಿಡಲು ಮನಸ್ಸಾಗಲಿಲ್ಲ. ತರಬೇತಾದ ದಾದಿಯರು ಸಾಲದಾದಾಗ ಫ್ಲಾರೆನ್ಸ್ ನೈಟಿಂಗೇಲ್‌ರ ಸಲಹೆ ಪಡೆದು 1862ರಲ್ಲಿ ಅಲ್ಲಿಯೇ ತರಬೇತಿ ಶಾಲೆ ಆರಂಭಿಸಲಾಯಿತು. ಮನೆಬಾಗಿಲಿಗೆ ಹೋಗುವ ಸಮುದಾಯ ಶುಶ್ರೂಷೆಗೆ ಆ ದೇಶದಲ್ಲಿ ನಾಂದಿ ಹಾಡಿದ್ದು ಪತ್ನಿಯನ್ನು ಕಳಕೊಂಡ ಒಬ್ಬ ವ್ಯಕ್ತಿಯ ದುಃಖ.

ಈ ಸೇವೆ ಮುಸ್ಲಿಮರಿಗೆ ಪರಕೀಯವೇ? ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಪ್ರವಾದಿ(ಸ)ಯವರು ಶುಶ್ರೂಷೆಗಾಗಿ ಸೇರಿಸಿದ್ದು ರುಫೈದಾ ಅಲ್ ಅಸ್ಲಮಿಯ್ಯಾ(ರ)ರ ಡೇರೆಗೆ. ಉಮ್ಮು ಅತಿಯ್ಯಾ(ರ) ಏಳು ಯುದ್ಧಗಳಲ್ಲಿ ಗಾಯಾಳುಗಳ ಆರೈಕೆ ಮಾಡಿದವರು. ಇಂದು ಬಹರೈನ್‌ನ ವೈದ್ಯಕೀಯ ವಿಶ್ವವಿದ್ಯಾಲಯವೊಂದು ಶುಶ್ರೂಷೆಯ ವಿದ್ಯಾರ್ಥಿಗಳಿಗೆ ರುಫೈದಾರ ಹೆಸರಿನಲ್ಲಿ ಪುರಸ್ಕಾರ ನೀಡುತ್ತಿದೆ. ನಾವಾದರೋ ನಮ್ಮ ಹೆಣ್ಮಕ್ಕಳಿಗೆ ಆ ಹೆಸರಿಟ್ಟು ತೃಪ್ತರಾಗಿದ್ದೇವೆ.

ಹೆರಿಗೆ ಕೋಣೆಯಲ್ಲಿ ನಮ್ಮ ಪತ್ನಿಯ ಬಳಿ ಮಹಿಳೆಯೇ ಇರಬೇಕೆಂದು ನಾವು ಪಟ್ಟು ಹಿಡಿಯುತ್ತೇವೆ. ಆದರೆ ಮಗಳು ನರ್ಸಿಂಗ್ ಕಲಿಯುತ್ತೇನೆಂದರೆ ಹುಬ್ಬು ಗಂಟಿಕ್ಕುತ್ತೇವೆ. ಆ ಕೋಣೆಯಲ್ಲಿ ನಿಲ್ಲುವ ಮಹಿಳೆ ಯಾರ ಮಗಳಾಗಿರಬೇಕು? ದಶಕಗಳಿಂದ ಕೇರಳದ ಕ್ರೈಸ್ತ ಕುಟುಂಬಗಳು ಕಳುಹಿಸಿದ ಹೆಣ್ಮಕ್ಕಳು ನಮ್ಮ ತಾಯಂದಿರ ಸೇವೆ ಮಾಡಿದ್ದಾರೆ. ಅದು ನಮ್ಮ ಮೇಲಿರುವ ಋಣ.

ರಾತ್ರಿ ಪಾಳಿಯ ಕುರಿತು ಹೆತ್ತವರಿಗಿರುವ ಆತಂಕವನ್ನು ತಳ್ಳಿಹಾಕಬೇಕಾಗಿಲ್ಲ. ಆದರೆ ಸಮುದಾಯ ಶುಶ್ರೂಷೆಯು ಬಹುತೇಕ ಹಗಲಿನ ಕೆಲಸ. ಬಾಣಂತಿ ಮತ್ತು ಶಿಶುವಿನ ಆರೈಕೆ, ಲಸಿಕೆ, ಸಕ್ಕರೆ ಕಾಯಿಲೆಯ ತಪಾಸಣೆ, ಹಾಸಿಗೆ ಹಿಡಿದ ವೃದ್ಧರ ಹುಣ್ಣಿಗೆ ಔಷಧಿ ಹಚ್ಚುವುದು ಇವೆಲ್ಲ ಅದರಲ್ಲಿ ಸೇರಿವೆ. ಪುರುಷ ವೈದ್ಯರೆದುರು ಬಾಯಿ ಬಿಡದ ಮಹಿಳೆ ಮನೆಗೆ ಬಂದ ದಾದಿಯೊಂದಿಗೆ ಮನಬಿಚ್ಚಿ ಮಾತನಾಡುತ್ತಾಳೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ ಮಾನದಂಡದಂತೆ 50,000 ಜನರಿಗೊಂದು ಆರೋಗ್ಯ ಕೇಂದ್ರ, 10,000 ಜನರಿಗೊಬ್ಬ ಆರೋಗ್ಯ ಸಹಾಯಕಿ ಇರಬೇಕು. ನಿಮ್ಮ ಮೊಹಲ್ಲಾದಲ್ಲಿ ಅದು ಜಾರಿಯಾಗಿದೆಯೇ ಎಂದು ವಿಚಾರಿಸಿ. ಆಗಿಲ್ಲವಾದರೆ ಕೇಳುವುದು ನಮ್ಮ ಹಕ್ಕು. ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರ ಸರಕಾರವು 2022ರಲ್ಲಿ ನಿಲ್ಲಿಸಿದ್ದನ್ನು ಪ್ರತಿಭಟಿಸಿದ್ದು ಕೂಡ ನ್ಯಾಯವೇ. ಆದರೆ ಸರಕಾರದ ಲೋಪವು ನಮ್ಮ ಹೊಣೆಯನ್ನು ಇಳಿಸುವುದಿಲ್ಲ.

ಮರಣದ ಬಳಿಕವೂ ಪುಣ್ಯ ತರುವ ಕರ್ಮಗಳಲ್ಲಿ ಸದಕ ಜಾರಿಯ ಮತ್ತು ಪ್ರಯೋಜನಕಾರಿ ಜ್ಞಾನವನ್ನು ಪ್ರವಾದಿ(ಸ)ಯವರು ಎಣಿಸಿದ್ದಾರೆ. ದಾದಿಯೊಬ್ಬಳ ಶಿಕ್ಷಣದಲ್ಲಿ ಇವೆರಡೂ ಇವೆ. ಹಾಗಿರುವಾಗ ತಂದೆತಾಯಿಯ ನೆನಪಿನ ಹೆಸರಲ್ಲಿ ಬಿರಿಯಾನಿಯ ಹಂಡೆಗಳನ್ನು ಏರಿಸುವವರು ಆ ಹಣವನ್ನು ಸ್ಮಾರಕ ವಿದ್ಯಾರ್ಥಿವೇತನಕ್ಕೆ ಏಕೆ ನೀಡಬಾರದು? ಒಬ್ಬರಿಗೆ ಅಸಾಧ್ಯವಾದರೆ ಹತ್ತು ಕುಟುಂಬಗಳು ಸೇರಲಿ, ಜಮಾಅತ್ ಲೆಕ್ಕಪತ್ರ ನೋಡಿಕೊಳ್ಳಲಿ.

ಆದರೆ ಅದು ಶಾಲು ಹೊದಿಸಿ ಫೋಟೋ ತೆಗೆಯುವ ಕಾರ್ಯಕ್ರಮವಾಗದಿರಲಿ. ಜನರಲ್ ನರ್ಸಿಂಗ್ ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಕಲಿಕೆ. ಮೊದಲ ವರ್ಷ ನೆರವಾಗಿ ಬಳಿಕ ಕೈಬಿಟ್ಟರೆ ಆಕೆ ಅರ್ಧದಾರಿಯಲ್ಲಿ ನಿಲ್ಲುತ್ತಾಳೆ. ಶುಲ್ಕದೊಂದಿಗೆ ಹಾಸ್ಟೆಲ್, ಪುಸ್ತಕ, ಸಮವಸ್ತ್ರ, ಬಸ್ಸಿನ ಖರ್ಚೂ ಸೇರಲಿ. ಪದವೀಧರೆಯು ಸಮುದಾಯ ಆರೋಗ್ಯ ಶುಶ್ರೂಷೆಯಲ್ಲಿ ಎಂ.ಎಸ್ಸಿ. ಮಾಡಬಯಸಿದರೆ ಅದಕ್ಕೂ ಆಸರೆ ಸಿಗಲಿ. ಪ್ರತಿಯಾಗಿ ಆಕೆ ಕೆಲವು ಕಾಲ ತನ್ನೂರಿನ ಕೇರಿಗಳಲ್ಲಿ ದುಡಿಯಬೇಕೆಂದು ಕೋರಬಹುದು. ಆದರೆ ನ್ಯಾಯಯುತ ಸಂಬಳ ಕೊಟ್ಟೇ ಕೋರಬೇಕು. ಸೇವೆಯ ಹೆಸರಿನಲ್ಲಿ ಶೋಷಣೆ ಸಲ್ಲದು.

ಝಕಾತ್‌ನ ಹಣವಾದರೆ ಅದರ ಹಕ್ಕುದಾರರಿಗೇ ತಲುಪಲಿ. ಉಳಿದ ದಾನದ ನಿಧಿಯನ್ನು ನೆರೆಯ ದಲಿತ, ಹಿಂದೂ, ಕ್ರೈಸ್ತ ಬಾಲಕಿಯರಿಗೂ ತೆರೆದಿಡೋಣ. ರೋಗವು ಧರ್ಮ ಕೇಳಿ ಬರುವುದಿಲ್ಲ.

ಗೋರಿಯ ಮೇಲಿನ ಕಲ್ಲು ಕಾಲಕ್ರಮೇಣ ಸವೆಯುತ್ತದೆ. ನಿಮ್ಮ ತಾಯಿಯ ಹೆಸರಿನ ನೆರವಿನಿಂದ ಕಲಿತ ಹುಡುಗಿ ಬಾಣಂತಿಯೊಬ್ಬಳ ಜೀವ ಉಳಿಸಿದರೆ ಆ ತಾಯಿಗಾಗಿ ಒಂದು ಮನೆಯಿಡೀ ಪ್ರಾರ್ಥಿಸುತ್ತದೆ. ಮುಂದಿನ ಶೈಕ್ಷಣಿಕ ವರ್ಷದೊಳಗೆ ನಿಮ್ಮ ಜಮಾಅತ್ ಅಂಥ ಒಬ್ಬ ಹುಡುಗಿಯನ್ನಾದರೂ ಗುರುತಿಸಲಾರದೇ?